ಆರದ ಹಳದಿ ದೀಪ

ವಡಪಳನಿ, ಚೆನ್ನೈ
ನವೆಂಬರ್ ೮, ಶನಿವಾರ

ಚಿರಂಜೀವಿ ಸಂದೇಶನಿಗೆ ಅಮ್ಮನ ಆಶೀರ್ವಾದ.

ಕಾಂಚೀಪುರದ ನೀರು ಹಿಡಿಸಿತೇ? ಕೆಮ್ಮು ಇಳಿಯಿತೇ? ಹೊಸ ಹೋಟೆಲಿನ ಕೆಲಸವೆಂದು ಊಟದ ಹೊತ್ತು ತಪ್ಪಿಸಬೇಡ. ನನ್ನ ಮೊಣಕಾಲು ಎಂದಿನಂತೆಯೇ ಇದೆ. ಜಗಳವಾಡಿ ಹೋದವನು ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀಯೆಂದು ನಿನ್ನ ತಮ್ಮ ಚರಣ್ ಹೇಳಿದ. ಬೇರೆಯವರ ಫೋನಿನಿಂದ ಮಗನನ್ನು ಬೇಡುವವಳು ನಾನಲ್ಲ. ನಮ್ಮ ಹೋಟೆಲಿನ ಕಿಟ್ಟು ಇಂದು ಬಸ್ಸಿನಲ್ಲಿ ಆ ಕಡೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನೀನು ಬಿಟ್ಟುಹೋದ ಬೈಕಿನ ವಿಷಯ. ಮಂಗಳವಾರ ಚರಣ್ ನನ್ನನ್ನು ಹಿಂದೆ ಕೂರಿಸಿಕೊಂಡು ಮುರುಗನ ಗುಡಿಗೆ ಹೊರಟಿದ್ದ. ಮಳೆ ಬಿಟ್ಟು ರಸ್ತೆ ಒದ್ದೆಯಾಗಿತ್ತು. ಮುಂದಿದ್ದ ನೀರಿನ ಲಾರಿ ಗಕ್ಕನೆ ನಿಂತಿತು. ಇವನು ಬ್ರೇಕ್ ಹಿಡಿದ. ಗ್ರೈಂಡರಿಗೆ ಕಲ್ಲು ಸಿಕ್ಕಿದ ಹಾಗೆ ಗಾಡಿ ಕಟಕಟನೆ ನಡುಗಿತು, ಆದರೆ ಜಾರದೆ, ಲಾರಿಗೆ ಒಂದು ಗೇಣು ಇರುವಾಗ ನೆಟ್ಟಗೆ ನಿಂತಿತು. ಬ್ರೇಕ್ ಮುರಿಯಿತೆಂದೇ ತಿಳಿದೆ. "ಮುರಿದದ್ದಲ್ಲ ಅಮ್ಮ, ಎಬಿಎಸ್ ಕೆಲ್ಸ ಮಾಡಿದ್ದು" ಎಂದು ನಕ್ಕ. ಚಕ್ರ ಪೂರ್ತಿ ಕಚ್ಚಿಕೊಂಡರೆ ಟಯರು ಜಾರುತ್ತದೆ, ಹ್ಯಾಂಡಲ್ ಮಾತು ಕೇಳುವುದಿಲ್ಲ. ಚಕ್ರದ ಬಳಿಯ ಸೆನ್ಸರ್ ಅದನ್ನು ಮೊದಲೇ ತಿಳಿದು, ಬ್ರೇಕನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿಸುತ್ತದಂತೆ; ಕೈಗೆ ತಾಗುವ ನಡುಕ ಅದೇ. "ಲಿವರ್ ನಡುಗಿದ್ರೆ ಹೆದ್ರಿ ಬಿಡ್ಬೇಡ ಮಾರಾಯ, ಇನ್ನೂ ಗಟ್ಟಿ ಹಿಡಿ" ಎಂದು ನೀನೇ ಕಲಿಸಿದ್ದಂತೆ. ಆ ದಿನ ಅದು ನಮ್ಮಿಬ್ಬರನ್ನೂ ಉಳಿಸಿತು, ಇಲ್ಲವೆನ್ನುವುದಿಲ್ಲ.

ಮನೆಗೆ ಬಂದವಳೇ ದೃಷ್ಟಿ ತೆಗೆದು, ಮುಂದಿನ ಚಕ್ರದ ಪಕ್ಕದ ಕಂಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ಕಪ್ಪು ದಾರ ಕಟ್ಟಿದೆ. ಮರುದಿನ ಚರಣ್ ಗಾಡಿ ಓಡಿಸಿ ಬಂದಾಗ ನಿಂಬೆಹಣ್ಣು ಇರಲಿಲ್ಲ. ಮೀಟರಿನಲ್ಲಿ ಹಳದಿ ದೀಪ ಹತ್ತಿತ್ತು. ಗಾಡಿ ಹೊರಟೊಡನೆ ಆರಬೇಕಾದ ದೀಪವಂತೆ, ಆರಲೇ ಇಲ್ಲ. ಮೆಕ್ಯಾನಿಕ್ ಅನಿಲ್ ಬಂದು ನೋಡಿದ. ದಾರ ಚಕ್ರಕ್ಕೆ ಸುತ್ತಿಕೊಂಡು ಸೆನ್ಸರಿನ ವೈರನ್ನೇ ಕಿತ್ತಿದೆ. ಬ್ರೇಕ್ ಇದೆ, ಎಬಿಎಸ್ ಇಲ್ಲ. ಹೊಸ ವೈರ್ ಬರುವುದು ಸೋಮವಾರ. ಅಲ್ಲಿಯವರೆಗೆ ಗಾಡಿ ಮುಟ್ಟಕೂಡದು ಎಂದೆ. "ಚುಮ್ಮಾ, ಸುಮ್‌ಸುಮ್ನೆ ಹೆದರ್ತೀರಿ ಅಮ್ಮ. ಅಪ್ಪನ ಬೈಕಿಗೆ ಎಬಿಎಸ್ ಇತ್ತಾ?" ಎಂದ ಚರಣ್. ನಿಮ್ಮ ಅಪ್ಪನ ಕೈ ಬ್ರೇಕನ್ನು ಮೆಲ್ಲಗೆ ಹಿಂಡಲು ಕಲಿತ ಕೈ. ಇವನ ಕೈಗೆ ಗೊತ್ತಿರುವುದು ನಿನ್ನ ಪಾಠ ಒಂದೇ. ಒದ್ದೆ ರಸ್ತೆಯಲ್ಲಿ ಈಗ ಗಟ್ಟಿ ಹಿಡಿದರೆ, ನಡುವೆ ಬಿಡಿಸುವುದು ಯಾವುದೂ ಇಲ್ಲ.

ನಿನ್ನ ಹೋಟೆಲಿನ ಒಲೆ ಆರದಿರಲಿ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ,
ಬೇಬಿ

ತಾ.ಕ.: ಕಾಗದ ಮಡಿಸುವಾಗ ಕೆಳಗೆ ನೋಡಿದೆ. ಗಾಡಿ ಇಲ್ಲ. "ಅಣ್ಣನ್ನ ಕರ್ಕೊಂಡೇ ಬರ್ತೇನೆ" ಎಂದು ಕಿಟ್ಟುವಿಗೆ ಹೇಳಿ ಚರಣ್ ಹೊರಟನಂತೆ. ಮಳೆ ಜೋರಾಗಿದೆ. ಅವನು ಫೋನ್ ಎತ್ತುತ್ತಿಲ್ಲ. ಕಿಟ್ಟುವಿನ ಫೋನಿನಿಂದ ನಿನಗೂ ಮಾಡಿದೆ, ನೀನೂ ಎತ್ತಲಿಲ್ಲ. ಬಸ್ಸಿಗಿಂತ ಮೊದಲೇ ಅವನು ತಲುಪಿರಬೇಕು. ಇದನ್ನು ಓದುವಾಗ ಅವನು ನಿನ್ನೆದುರು ಇದ್ದರೆ ಕೀ ಕಿತ್ತಿಟ್ಟುಕೊ. ಇಲ್ಲದಿದ್ದರೆ ರಸ್ತೆಯುದ್ದಕ್ಕೂ ನೋಡುತ್ತಾ ಬಾ. ನಾನು ಈ ಕಡೆಯಿಂದ ಆಟೋ ಹಿಡಿದು ಹೊರಟಿದ್ದೇನೆ.