ಒಂಬತ್ತನೇ ನಂಬರಿನ ಬನಿಯನ್

ಹೊಳೆನರಸೀಪುರ
12-11-2025, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಅಂಗನವಾಡಿ ಮಕ್ಕಳನ್ನು ಎತ್ತಿಕೊಂಡು ತಿರುಗಬೇಡ ಎಂದರೆ ನೀನು ಕೇಳುವವಳಲ್ಲ. ಅವ್ವ ಚೆನ್ನಾಗಿದ್ದಾಳೆ, ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ನನ್ನನ್ನೇ ಬೈಯುತ್ತಾಳೆ. ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ಫೋನು ಮಾಡಿದರೆ ನಿಮ್ಮತ್ತೆ ಪಕ್ಕದಲ್ಲೇ ಇರುತ್ತಾರೆ, ವಾಟ್ಸಾಪನ್ನು ನಿನಗಿಂತ ಮೊದಲು ಭಾವ ನೋಡುತ್ತಾರೆ. ಅದಕ್ಕೇ ಅರಕಲಗೂಡಿನ ನಿನ್ನ ಅಂಗನವಾಡಿ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಓದಿ ಹರಿದುಹಾಕು.

ವಿಷಯ ಕಬಡ್ಡಿಯದು. ಎದೆ ಝಲ್ಲೆಂದಿತಲ್ಲವೇ? ನನಗೂ ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಮೊನ್ನೆ ಭಾನುವಾರ ಪರಮೇಶ್ ಮೇಷ್ಟ್ರು ಮನೆಗೆ ಬಂದಿದ್ದರು. ನಿವೃತ್ತ ಪಿಟಿ ಮೇಷ್ಟ್ರು, ಮುಚ್ಚಿಹೋದ ನಮ್ಮ ಜಿಲ್ಲಾ ಲೀಗಿನ ಚರಿತ್ರೆ ಬರೆಯುತ್ತಿದ್ದಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಊರಿನ ಹೆಣ್ಣುಮಕ್ಕಳ ತಂಡಗಳು ಮೂರೇ ವರ್ಷದಲ್ಲಿ ಹೇಳಹೆಸರಿಲ್ಲದಂತಾದವು. ಚನ್ನರಾಯಪಟ್ಟಣದವರ ಮ್ಯಾಟನ್ನು ಈಗ ಯಾವುದೋ ಕಲ್ಯಾಣ ಮಂಟಪದಲ್ಲಿ ಮಲಗುವುದಕ್ಕೆ ಹಾಸುತ್ತಾರಂತೆ. ಹಂಸ ಜವಳಿ ಅಂಗಡಿಯವರು ಬನಿಯನ್ ಕೊಟ್ಟರೆಂದು ನಮ್ಮ ತಂಡಕ್ಕೆ ‘ಹೊಳೆನರಸೀಪುರ ಹಂಸ’ ಎಂದು ಹೆಸರಿಟ್ಟದ್ದನ್ನು ಕೇಳಿ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಕಬಡ್ಡಿ ಆಡುವ ಹಂಸ.

ಆಮೇಲೆ ಚೀಲದಿಂದ ಒಂದು ಫೋಟೋ ತೆಗೆದರು. 2012ರಲ್ಲಿ ಅರಕಲಗೂಡು ತಂಡವನ್ನು ಸೋಲಿಸಿ ನಾವು ಫೈನಲ್ ಗೆದ್ದ ದಿನದ್ದು. ಒಂಬತ್ತನೇ ನಂಬರಿನ ಬನಿಯನ್ ತೊಟ್ಟು ನೀನು ನಿಂತಿದ್ದೀಯ, ಎಡಹುಬ್ಬಿನ ಮೇಲೆ ಪ್ಲಾಸ್ಟರು. ಕೆಳಗೆ ಹೆಸರು ಶೋಭಿತಾ. ನಿನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪೇಪರಿನಲ್ಲಿ ಹೆಸರು ಬಂದರೆ ಗಂಡನ ಮನೆಗೆ ಗೊತ್ತಾಗುತ್ತದೆಂದು ನೀನೇ ನನ್ನ ಹೆಸರು ಬರೆಸಿದ್ದು. ಟೈಲರಿಂಗ್ ಕ್ಲಾಸು ಎಂದು ಹೇಳಿ ತವರಿಗೆ ಬಂದು ಆಡಿದವಳು ನೀನು. ನೀರಿನ ಬಾಟಲಿ ಹಿಡಿದು ಓಡಾಡಿದ ನಾನು ಲೀಗಿನ ಅತ್ಯುತ್ತಮ ರೈಡರ್ ಆದೆ. ನಮ್ಮಿಬ್ಬರ ಮುಖ ಒಂದೇ ಅಚ್ಚಲ್ಲವೇ, ಮೇಷ್ಟ್ರು ಫೋಟೋ ನೋಡಿದರು, ನನ್ನ ಹುಬ್ಬು ನೋಡಿದರು. “ಗಾಯದ ಗುರುತೇ ಉಳಿದಿಲ್ವಲ್ಲವ್ವ” ಎಂದರು. “ಕಾಫಿ ತತ್ತೀನಿ ಸಾ” ಎಂದು ಒಳಗೆ ಓಡಿದೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸನದಲ್ಲಿ ಹಳೆಯ ಆಟಗಾರ್ತಿಯರಿಗೆ ಸನ್ಮಾನ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ನಿನ್ನ ಶಾಲನ್ನು ನಾನು ಹೊದ್ದುಕೊಳ್ಳಲಾರೆ ಅಕ್ಕಾ. ಬಾಯಿ ಬಿಡುವುದಿಲ್ಲವೆಂದು ಅವ್ವನ ತಲೆ ಮುಟ್ಟಿ ಆಣೆ ಮಾಡಿದ್ದು ಮರೆತಿಲ್ಲ. ಬೋರ್‌ವೆಲ್ ಹಿಡಿ ಬಡಿದು ಹುಬ್ಬು ಒಡೆಯಿತೆಂದು ನೀನು ಹೇಳಿದ್ದನ್ನು ನಂಬಿ ನಿಮ್ಮತ್ತೆ ಮಲ್ಲಿಗಮ್ಮ ಇವತ್ತಿಗೂ ಆ ಬೋರ್‌ವೆಲ್ಲಿಗೆ ಶಾಪ ಹಾಕುತ್ತಾರೆ. ಇಷ್ಟು ವರ್ಷದ ಸುಳ್ಳು ಹೊರಬಿದ್ದರೆ ಆ ಮನೆಯಲ್ಲಿ ನಿನ್ನ ಮಾತಿಗೆ ಏನು ಬೆಲೆ ಉಳಿಯುತ್ತದೋ ಎಂಬ ಭಯ ನನಗೂ ಇದೆ.

ಆದರೆ ಧನ್ಯಾ? ನಾನು ನಿಮ್ಮಲ್ಲಿ ಊಟಕ್ಕೆ ಕೂತಿದ್ದ ದಿನ, ನಿನ್ನ ಮಗಳು ತಾಲ್ಲೂಕು ಕಬಡ್ಡಿ ತಂಡಕ್ಕೆ ಆಯ್ಕೆಯಾದಳೆಂದಾಗ ನಿಮ್ಮತ್ತೆ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: “ನಮ್ ಮನೇಲಿ ಯಾವ ಎಣ್ಣು ತೊಡೆ ತಟ್ಟಿದ್ಲು ಅಂತ ಇವ್ಳು ತಟ್ಟಾಕ್ ಓಯ್ತಾಳೆ?” ಭಾವ ಹೌದೆಂದು ತಲೆಯಾಡಿಸಿದರು. ಮಗು ನಿನ್ನ ಮುಖ ನೋಡಿತು. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅವತ್ತು ನಿನ್ನ ಮೇಲೆ ಕೆಟ್ಟ ಕೋಪ ಬಂತು, ಈಗಲೂ ಹೋಗಿಲ್ಲ. ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಹಾಕಿಸಲು ಬರುವ ಸೋಮವಾರವೇ ಕೊನೆ ಎಂದು ಅವಳು ಫೋನಿನಲ್ಲಿ ಅತ್ತಳು.

ಗುಟ್ಟಿನ ಕಾಗದವಾದ್ದರಿಂದ ಮನೆಯವರಿಗೆ ನಮಸ್ಕಾರ ತಿಳಿಸು ಎಂದು ಬರೆಯುವಂತಿಲ್ಲ. ಧನ್ಯಾಗೆ ನನ್ನದೊಂದು ಮುತ್ತು, ನಿನಗೆ ಅವ್ವನ ಆಶೀರ್ವಾದ.

ನಿನ್ನ ತಂಗಿ,
ಶೋಭಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ, ವೇದಿಕೆಗೆ ಹೆಸರು ಹೇಗೆ ಕೂಗಲಿ ಎಂದು ಕೇಳಿ ಮೇಷ್ಟ್ರ ಫೋನು ಬಂತು. ಆಣೆ ಮುರಿಯಲಿಲ್ಲ. “ಹೆಸರು ಬ್ಯಾಡಿ ಸಾ, ನಂಬರ್ ಮಾತ್ರ ಕೂಗಿ. ಯಾರು ಎದ್ ಬತ್ತಾರೋ ಅವರ ಹೆಸರು ಪುಸ್ತಕಕ್ಕೆ ಬರ್ಕಳಿ” ಎಂದೆ. ಒಪ್ಪಿದರು. ಧನ್ಯಾಳನ್ನು ಕರೆದುಕೊಂಡು ಬಾ, ಚಿಕ್ಕಮ್ಮನಿಗೆ ಸನ್ಮಾನ ಎಂದರೆ ಮನೆಯಲ್ಲಿ ಕಳಿಸುತ್ತಾರೆ. ಮುಂದಿನ ಸಾಲಿನಲ್ಲಿ ಮೂರು ಕುರ್ಚಿ ಹಿಡಿದಿರುತ್ತೇನೆ. ಒಂಬತ್ತನೇ ನಂಬರ್ ಎಂದು ಕೂಗಿದಾಗ ನಾನು ಧನ್ಯಾಳ ಕೈ ಹಿಡಿದುಕೊಂಡು ಕೂತೇ ಇರುತ್ತೇನೆ.