ಬೋಣಿಗೆ ನೀವೇ ಬರಬೇಕು

ಚಾಮರಾಜಪೇಟೆ
ಸೋಮವಾರ

ಕೈಗಾರಿಕಾ ಇಲಾಖೆಯ ಶಿವರಂಜಿನಿ ಮೇಡಂ ಅವರಿಗೆ ಶರಣು.

ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಗಳನ್ನು ತೆಗೆದುಹಾಕುವ ಕೇಂದ್ರದ ಆದೇಶವನ್ನು ಯುಗಾದಿಯವರೆಗೆ ಮುಂದೂಡಿದ ಸುದ್ದಿಯನ್ನು ಪೇಪರಿನಲ್ಲಿ ಓದಿದೆ. "ರಾಜ್ಯ ಸರ್ಕಾರದ ಪ್ರಯತ್ನ" ಎಂದಷ್ಟೇ ಬರೆದಿದ್ದರು, ನಿಮ್ಮ ಹೆಸರಿರಲಿಲ್ಲ. ನಮ್ಮ ಊದುಬತ್ತಿ ಹೋಗುವುದೆಲ್ಲ ಆ ಅಂಗಡಿಗಳಿಗೇ. ಬತ್ತಿ ಹೊಸೆಯುವ ಹೆಂಗಸರಿಗೆ ನಾನೇ ಹೇಳಿದೆ: "ದಿಲ್ಲಿಗೆ ಅಲೆದೂ ಅಲೆದೂ ಇದನ್ನ ಮಾಡ್ಸಿದ್ದು ನಮ್ಮ ಮೇಡಂ ಕಣ್ರೇ."

ನೀವು ಮೊದಲ ಸಲ ನಮ್ಮಲ್ಲಿಗೆ ಬಂದ ಬೆಳಗು ನನಗಿನ್ನೂ ನೆನಪಿದೆ. ಮನೆಗೆ ಒಯ್ಯಲಿ ಎಂದು ಗಂಧದ ಬತ್ತಿಯ ಕಟ್ಟನ್ನು ಸುಮ್ಮನೆ ಕೊಡಲು ಬಂದರೆ ನೀವು ಕೈಯನ್ನೇ ಚಾಚಲಿಲ್ಲ.

"ಇನ್ನೂ ಬೋಣಿ ಆಗಿಲ್ಲಮ್ಮ, ಬರಿಗೈಲಿ ಹೋಗ್ಬೇಡಿ" ಎಂದೆ.

"ಹಾಗಾದ್ರೆ ಬಿಲ್ ಹಾಕಿ. ಟ್ಯಾಕ್ಸೂ ಸೇರ್ಸಿ" ಎಂದಿರಿ.

ತೆರಿಗೆಯಿಲ್ಲದ ವ್ಯಾಪಾರ ಉಳಿಸಲು ಬಂದವರು ತೆರಿಗೆ ಕೊಟ್ಟು ಹೋದಿರಿ! ಒಳಗೆ ಹೋಗಿ ಒಬ್ಬಳೇ ನಕ್ಕೆ. ಇಂಥವರು ಕೇಳಿದರೆ ಯಾರೂ ಸುಲಭವಾಗಿ ಇಲ್ಲ ಅನ್ನಲಾರರು ಎಂದು ಅವತ್ತೇ ಅನ್ನಿಸಿತ್ತು.

ಒಂದು ಮಾತು ನಡೆಸಿಕೊಡಿ. ಯುಗಾದಿ ಆದಮೇಲೂ ಮುಂದೂಡಿ ಎಂದು ಮತ್ತೆ ಕೇಳಲು ಹೋಗಬೇಡಿ. ದಿಲ್ಲಿಯಲ್ಲಿ ನಿಮ್ಮನ್ನು ಎಷ್ಟು ಹೊತ್ತು ಹೊರಗೆ ಕೂರಿಸಿದ್ದರೆಂದು ನಿಮ್ಮ ಆಫೀಸಿನವರು ಹೇಳಿದರು. ನೀವು ಕೊಡಿಸಿದ ಕಾಲಾವಕಾಶ ನಮಗೆ ಸಾಕು. ಮನೆಯ ಮುಂದಿನ ಕೋಣೆಗೆ ರಸ್ತೆ ಕಡೆಯಿಂದ ಬಾಗಿಲು ಇಡಿಸುತ್ತಿದ್ದೇನೆ. ಇನ್ನು ಮೇಲೆ ಊರಿನವರಿಗೇ ಮಾರುತ್ತೇವೆ.

ಹಬ್ಬದ ಮಾರನೇ ದಿನ ಬೋಣಿಗೆ ನೀವೇ ಬರಬೇಕು. ಕಟ್ಟನ್ನು ಸುಮ್ಮನೆ ಕೊಡುವುದಿಲ್ಲ, ಹೆದರಬೇಡಿ. ಟ್ಯಾಕ್ಸ್ ಸೇರಿಸಿಯೇ ಬಿಲ್ ಹಾಕುತ್ತೇನೆ.

ಇಂತಿ,
ಊದುಬತ್ತಿ ನೀಲಾಂಬಿಕೆ