ನಮ್ಮ ಮನೆಯ ಬಡಿತ

ಅಂಗಡಿಯ ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಜ್ಜಿ,

ನಮ್ಮ ಟಿವಿ ಕೆಟ್ಟಿರಲಿಲ್ಲ. ಅದರ ಫ್ಯೂಸನ್ನು ನಾನೇ ಕಿತ್ತು ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಇದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನಿನ್ನ ಆರೋಗ್ಯ ವಿಚಾರಿಸುತ್ತ ವಿಚಾರಿಸುತ್ತ ಸಹಿ ಹಾಕಿ ಕಾಗದ ಮುಗಿಸಿಬಿಡುತ್ತಿದ್ದೆ. ಈಗ ಕೇಳುತ್ತೇನೆ. ಮಂಡಿನೋವು ಹೇಗಿದೆ? ಅತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತೀಯ ತಾನೆ? ಕಣ್ಣಿನ ಔಷಧಿಯನ್ನು ಅವಳ ಕೈಲೇ ಹಾಕಿಸಿಕೋ, ನೀನೇ ಹಾಕಿಕೊಂಡರೆ ಅರ್ಧ ಕೆನ್ನೆಯ ಪಾಲಾಗುತ್ತದೆ. ಆದರೆ ಈ ಕಾಗದವನ್ನು ಮಾತ್ರ ಭೂತಗನ್ನಡಿ ಹಿಡಿದು ನೀನೇ ಓದು, ಎಷ್ಟು ಹೊತ್ತಾದರೂ ಸರಿ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಎದುರು ನಿಂತರೆ ನನ್ನ ಬಾಯಿಂದ ಬರುವುದೂ ಇಲ್ಲ. ಅದಕ್ಕೇ ಸಂಜೆ ಬಸ್ಸಿನ ಡ್ರೈವರಣ್ಣನ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ.

ಮೂರು ಸಂಜೆ ನಾನು ಟಿವಿಯ ಬೆನ್ನು ಬಿಚ್ಚಿಕೊಂಡು ಕೂತು ನಾಟಕ ಆಡಿದೆ. ಒಂದು ತಂತಿ ಬಿಚ್ಚುವುದು, ಅದನ್ನೇ ಮತ್ತೆ ಬೆಸೆಯುವುದು, ನಡುನಡುವೆ ಛೆ ಅನ್ನುವುದು. ನೀನು ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡಿದ್ದೆ. 'ಊರಿನ ಟಿವಿಗೆಲ್ಲ ಇವನೇ ಡಾಕ್ಟ್ರು, ಮನೇದು ಮಾತ್ರ ಇವನ ಮುಖ ನೋಡಿದ್ರೆ ಕಣ್ಣು ಮುಚ್ಚುತ್ತೆ' ಅಂದೆ. ನಾನು ನಕ್ಕೆ. ಎಂಥ ನಗು ಅದು! ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಾಗ, ಹುಷಾರಿಲ್ಲ ಅಂತ ಹೇಳು ಎಂದು ಎಲ್ಲರೂ ಹೇಳಿಕೊಟ್ಟರೂ, ಕೂತಲ್ಲಿ ಕೂರಲು ನನಗಾಗುವುದಿಲ್ಲ ಅಂತ ಹೆಡ್‌ಮಾಸ್ತರ ಮುಖಕ್ಕೇ ಹೇಳಿ ಬಂದವನು ನಾನು. ಅಪ್ಪನ ಕೈಲಿ ಏಟು ತಿಂದೆ, ಮಾತು ಬದಲಿಸಲಿಲ್ಲ. ಅಂಥವನು ನಿನಗೆ, ಬೇರೆ ಯಾರಿಗೂ ಅಲ್ಲ ನಿನಗೆ, ಐದು ವಾರದಿಂದ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಅಜ್ಜನ ಹಡಗಿನ ಸಿನಿಮಾ ಬಂದ ದಿನ ಪಕ್ಕದ ಮನೆಯಲ್ಲಾದರೂ ನೋಡೋಣವೆಂದರೆ ನರ್ಸಮ್ಮ ಡ್ಯೂಟಿಗೆ ಹೋಗಿದ್ದರು, ಬಾಗಿಲು ಹಾಕಿತ್ತು. ನೀನು ಕತ್ತಲೆ ಟಿವಿಯ ಮುಂದೆ ಅದು ಮುಗಿಯುವ ಹೊತ್ತಿನವರೆಗೂ ಸುಮ್ಮನೆ ಕೂತಿದ್ದೆಯಂತೆ, ಅಪ್ಪ ಹೇಳಿದರು. ಆಮೇಲೆ ಮರುಪ್ರಸಾರವನ್ನಾದರೂ ನೋಡುತ್ತೇನೆ ಅಂತ ಬ್ಯಾಗು ತುಂಬಿಕೊಂಡು ಅತ್ತೆಯ ಮನೆಗೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗನ್ನೂ ನನ್ನ ಕೈಗೆ ಕೊಡಲಿಲ್ಲ. ಕಿಟಕಿಯಿಂದ ಕೈ ಸಹ ಬೀಸಲಿಲ್ಲ.

ನಿನಗೆ ಏನು ನೋಡಬೇಕಾಗಿತ್ತು ಅಂತ ಗೊತ್ತು ಅಜ್ಜಿ. ಅಜ್ಜನ ಹಡಗು ಮುಳುಗಿದ್ದನ್ನು ಟಿವಿಯವರು ಸಿನಿಮಾ ಮಾಡಿದ್ದಾರೆ ಅಂತ ಪೇಪರಿನಲ್ಲಿ ಬಂದ ದಿನವೇ ಹೇಳಿದ್ದೆ: 'ಯುದ್ಧ ಗಿದ್ಧ ನಂಗ್ಯಾಕೋ, ಅವರು ಮಲಗ್ತಿದ್ದ ಜಾಗ ಒಂದು ಸಲ ತೋರಿಸಿದ್ರೆ ಸಾಕು.' ಮೊದಲ ಸ್ಫೋಟದಲ್ಲೇ, ನಿದ್ದೆಯಲ್ಲಿದ್ದಾಗಲೇ ಹೋದರು ಎಂದು ನೌಕಾಪಡೆಯವರು ಬರೆದಿದ್ದ ಕಾಗದವನ್ನು ನೀನು ಐವತ್ತು ವರ್ಷದಿಂದ ನಂಬಿದ್ದೀಯ. ಅಪ್ಪನನ್ನು ಸೊಂಟದ ಮೇಲೆ, ಅತ್ತೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹೊಲಿಗೆ ಮೆಷಿನ್ ತುಳಿದವಳಿಗೆ ಇದ್ದ ಸಮಾಧಾನ ಅದೊಂದೇ. ಯಾರಾದರೂ ಅಯ್ಯೋ ಪಾಪ ಅಂದರೆ, 'ನಿದ್ದೇಲಿ ಹೋದ್ರು ಕಣಮ್ಮ, ಅವರಿಗೆ ಏನೂ ಗೊತ್ತಾಗ್ಲಿಲ್ಲ' ಅಂತ ನೀನೇ ಅವರನ್ನು ಸಮಾಧಾನ ಮಾಡುತ್ತಿದ್ದೆ.

ಐದು ವಾರದ ಹಿಂದೆ ಅಂಗಡಿಯಲ್ಲಿ ಬೆಸುಗೆ ಹಾಕುತ್ತ ಕೂತಿದ್ದೆ. ರಿಪೇರಿಯಾದ ಹತ್ತು ಟಿವಿ ಗೋಡೆಯುದ್ದಕ್ಕೂ ಓಡುತ್ತಿದ್ದವು, ಎಲ್ಲದರಲ್ಲೂ ಒಂದೇ ಚಾನೆಲ್. ನಾನು ಆ ಕಡೆ ಬೆನ್ನು ಹಾಕಿದ್ದೆ. ಇದ್ದಕ್ಕಿದ್ದಂತೆ ಬಾಗಿಲು ಬಡಿದ ಸದ್ದಾಯಿತು. ಎರಡು ಸಲ ಬಿಡಿಬಿಡಿಯಾಗಿ, ಮೂರು ಸಲ ಗಡಿಬಿಡಿಯಲ್ಲಿ, ಆಮೇಲೆ ಮರೆತು ಹೋಗಿದ್ದು ಜ್ಞಾಪಕ ಬಂದ ಹಾಗೆ ತಡವಾಗಿ ಒಂದು. ರಜೆಗೆ ಬಂದಾಗ ಅಜ್ಜ ಹಾಗೆ ಬಡಿಯುತ್ತಿದ್ದರು ಅಂತ ನೀನು ಮಕ್ಕಳಿಗೆ ಕಲಿಸಿದ ಬಡಿತ. ಹಾಗೆ ಬಡಿಯದಿದ್ದರೆ ನಮಗೂ ಬಾಗಿಲು ತೆಗೆಯದೆ ಹೊರಗೆ ನಿಲ್ಲಿಸುತ್ತಿದ್ದೆಯಲ್ಲ, ಅದೇ. ನಾನು 'ಬಂದೆ ಬಂದೆ' ಅನ್ನುತ್ತ ಎದ್ದುಹೋದೆ. 'ಎಲ್ಲಿಗೋ? ಅಂಗಡಿಗೆ ಬಾಗಿಲೆಲ್ಲಿದೆ, ಇರೋದು ಶಟರ್ರು' ಅಂತ ಯಜಮಾನರು ನಕ್ಕರು. ತಿರುಗಿ ನೋಡಿದರೆ ಹತ್ತು ಟಿವಿಯಲ್ಲೂ ಆ ಸಿನಿಮಾದ ಜಾಹೀರಾತು: ಮಗುಚಿದ ಹಡಗು, ನೀರಿನ ಕೆಳಗೆ ದೀಪ ಹಿಡಿದ ಒಬ್ಬ ಮುಳುಗುಗಾರ, ಒಳಗಿನಿಂದ ಕಬ್ಬಿಣದ ಗೋಡೆ ಬಡಿಯುವ ಸದ್ದು. ನಮ್ಮ ಮನೆಯ ಬಡಿತ.

ಸಿನಿಮಾ ಬಂದ ದಿನ ಶಟರ್ ಅರ್ಧ ಇಳಿಸಿ ಒಬ್ಬನೇ ಪೂರ್ತಿ ನೋಡಿದೆ. ಹಡಗು ಬಂದರಿನ ಬಾಯಲ್ಲೇ ಮಗುಚಿಕೊಳ್ಳುತ್ತದೆ. ಎಂಜಿನ್ ಕೋಣೆಯಲ್ಲಿ ಸ್ವಲ್ಪ ಗಾಳಿ ಉಳಿದು ಆರು ಜನ ಬದುಕಿರುತ್ತಾರೆ. ತಳವನ್ನು ಕೊರೆದರೆ ಗಾಳಿ ಹೊರಗೆ ನುಗ್ಗಿ ನೀರು ಒಳಗೆ ಏರುತ್ತದೆ, ಕೊರೆಯದಿದ್ದರೆ ಉಸಿರುಕಟ್ಟುತ್ತದೆ. ಬಡಿದವರು ಯಾರು ಅಂತ ಸಿನಿಮಾದವರಿಗೂ ಗೊತ್ತಿಲ್ಲ, ಯಾವನೋ ಮೀಸೆ ನಟನನ್ನು ಹಾಕಿದ್ದಾರೆ. ಕೊನೆಯಲ್ಲಿ ನಿಜವಾದ ಮುಳುಗುಗಾರರೇ ಬಂದು ಎರಡು ಮಾತಾಡುತ್ತಾರೆ, ಆ ಬಡಿತ ತಾವು ಅಂದು ಕೇಳಿದ್ದೇ ಅನ್ನುತ್ತಾರೆ. ನಿನ್ನಷ್ಟೇ ವಯಸ್ಸು. ಹೋದ ಭಾನುವಾರ ಬಂದರಿನ ಊರಿಗೆ ಹೋಗಿ ಕೇಳುತ್ತ ಕೇಳುತ್ತ ಅವರ ಮನೆ ಹುಡುಕಿದೆ. ಆಳದ ಕೆಲಸದಲ್ಲಿ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರ ಹತ್ತಿರ ಕೂಗಬೇಕು. ಕೂಗಿ ಹೇಳುವ ವಿಷಯವೇ ಇದು? ಅದಕ್ಕೇ ಮೇಜಿನ ಮೇಲೆ ಬಡಿದು ತೋರಿಸಿದೆ. ಎರಡು, ಮೂರು ಆಗುವಷ್ಟರಲ್ಲಿ ನನ್ನ ಕೈಯನ್ನು ಮೇಜಿಗೆ ಒತ್ತಿ ಹಿಡಿದುಕೊಂಡರು. 'ಸಾಕು ಮಗಾ, ಆ ಕೊನೇದು ಬೇಡ' ಅಂದರು. ಆಗ ಅವರಿಗೆ ಇಪ್ಪತ್ತೈದು ವರ್ಷವಂತೆ. ಬರ್ತೀವಿ, ತಾಳಿ ಅನ್ನುವ ಹಾಗೆ ಹೊರಗಿನಿಂದ ಸುತ್ತಿಗೆಯಲ್ಲಿ ತಾವೂ ಬಡಿಯುತ್ತಿದ್ದರಂತೆ. 'ನಾನು ಬಡಿದಾಗೆಲ್ಲ ಒಳಗಿಂದ ಜೋರಾಗ್ತಿತ್ತು. ಅದೇ ತಪ್ಪಾಯ್ತೇನೋ. ಆಸೆ ತೋರಿಸ್ಬಾರದಿತ್ತು' ಅಂದರು.

ವಾಪಸ್ ಬಂದು ಅಪ್ಪನಿಗೆ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆ ಕಡೆಯಿಂದಲೇ, 'ಅಮ್ಮನ ಹತ್ತಿರ ಒಂದಕ್ಷರ ಎತ್ತಿದ್ರೆ ಈ ಮನೇಲಿ ನಿಂಗೆ ಜಾಗ ಇಲ್ಲ' ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ? ಆದರೆ ನಾಡಿದ್ದು ಭಾನುವಾರ ಮರುಪ್ರಸಾರ. ಅಲ್ಲಿಗೂ ಬಂದು ಅತ್ತೆಯ ಮನೆಯ ಟಿವಿಯ ಫ್ಯೂಸ್ ಕೀಳಲು ನನ್ನಿಂದಾಗುವುದಿಲ್ಲ. ನನಗೆ ಬಂದದ್ದು ಒಂದೇ ಭಯ ಅಜ್ಜಿ. ಆ ಬಡಿತ ಕೇಳಿದ ಕೂಡಲೇ ನೀನು ಮಂಡಿ ಹಿಡಿದುಕೊಂಡು ಎದ್ದು ಬಾಗಿಲ ಕಡೆಗೆ ಹೋಗಿಬಿಡುತ್ತೀಯ. ಹೋಗಿ ಚಿಲಕ ತೆಗೆದು ಹೊರಗೆ ನೋಡುತ್ತೀಯ. ಹಿಂದಿನಿಂದ ಅತ್ತೆ 'ಟಿವೀಲಮ್ಮ, ಅದು ಟಿವೀಲಿ' ಅಂತ ಕರೆಯುತ್ತಾಳೆ. ಅದು ಆಗಬಾರದು. ಅದಕ್ಕಿಂತ ಈ ಕೆಟ್ಟ ಅಕ್ಷರದ ಕಾಗದವೇ ವಾಸಿ. ನಿನ್ನ ಕೈಲಿದ್ದ ಒಂದೇ ಸಮಾಧಾನವನ್ನು ಕಿತ್ತುಕೊಂಡು ನಾನು ನಿನಗೆ ಕೊಡಲು ಏನೂ ಇಲ್ಲ. ಬೈಯಿ, ಬಾಗಿಲು ತೆಗೆಯಬೇಡ, ಏನು ಬೇಕಾದರೂ ಮಾಡು. ಓದಿದ ಮೇಲೆ ಒಂದು ಲೋಟ ನೀರು ಕುಡಿ.

ಅತ್ತೆಗೂ ಮಾವನಿಗೂ ಕೇಳಿದೆ ಅಂತ ಹೇಳು. ನಿನ್ನ ಪಾದ ಮುಟ್ಟಿ,

ನಿನ್ನ ಬುಗುರಿ

ಮರೆತೆ: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ಆರು ಜನ ಒಂಬತ್ತು ಗಂಟೆ ಬದುಕಿದ್ದರು ಅಂತ ಸಿನಿಮಾದಲ್ಲಿದೆ. ಅದು ಸುಳ್ಳು. ಎರಡು ದಿನ. ಎರಡನೇ ದಿನ ಮಧ್ಯಾಹ್ನ ಬಡಿತ ನಿಂತಿತು ಅಂತ ಮುಳುಗುಗಾರರೇ ಹೇಳಿದರು. ಅರ್ಧ ಸುಳ್ಳನ್ನು ಇಟ್ಟುಕೊಂಡು ನಿನ್ನ ಮುಂದೆ ಬರಲು ನನ್ನಿಂದಾಗುವುದಿಲ್ಲ. ನಿನ್ನನ್ನು ಒಮ್ಮೆ ನೋಡಬೇಕು ಅಂತ ಅವರೂ ನನ್ನ ಜೊತೆ ಬರುತ್ತಿದ್ದಾರೆ. ನೀನು ನೋಡಲ್ಲ ಅಂದರೆ ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದು ವಾಪಸ್ ಹೋಗುತ್ತಾರಂತೆ. ನಾಳೆ ಬೆಳಗ್ಗೆ ಆರೂವರೆ ಬಸ್ಸಿಗೆ ಅತ್ತೆಯ ಮನೆಗೆ ಹೊರಡುತ್ತಿದ್ದೇವೆ.